ದುರ್ಗದ ದಳವಾಯಿಗಳು: ಏಳು-ಬೀಳಿನ ಕಥೆ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಭರಮಸಾಗರ ತನ್ನ ದೊಡ್ಡ ಕೆರೆಯಿಂದ ಹೆಸರು ಪಡೆದ ಊರು. ಆ ಕೆರೆಗೆ ಹೆಸರು ಬಂದದ್ದು ಚಿತ್ರದುರ್ಗದ ಪಾಳೆಯಗಾರ ಬಿಳಿಚೋಡು ಭರಮಣ್ಣ ನಾಯಕನಿಂದ. 1689ರಿಂದ 1721ರವರೆಗೆ ಮೂವತ್ತೆರಡು ವರ್ಷ ಆಳಿದ ಈ ನಾಯಕನನ್ನು ಜನ ಕೆರೆ-ಕಟ್ಟೆ, ಗುಡಿ-ಮಠಗಳ ಮೂಲಕ ನೆನೆಯುತ್ತಾರೆ. ಆದರೆ ಅವನು ಗದ್ದುಗೆ ಏರುವುದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ರಕ್ತಪಾತ. ದುರ್ಗದ ಸೈನ್ಯದ ಮುಖ್ಯಸ್ಥನಾಗಿದ್ದ ದಳವಾಯಿ ಮುದ್ದಣ್ಣನೂ ಅವನ ತಮ್ಮಂದಿರೂ ಹತರಾದ ಮೇಲೆಯೇ ಭರಮಣ್ಣನಿಗೆ ಪಟ್ಟವಾಯಿತು.

ದುರ್ಗದ ಇತಿಹಾಸವನ್ನು ನಾಯಕರ ಇತಿಹಾಸವೆಂದು ಓದುವುದು ವಾಡಿಕೆ. ತಿಮ್ಮಣ್ಣ ನಾಯಕನಿಂದ ಕೊನೆಯ ಮದಕರಿ ನಾಯಕನವರೆಗಿನ ಹದಿಮೂರು ಹೆಸರುಗಳ ಪಟ್ಟಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಈ ಪಟ್ಟಿಯ ನಡುವೆ, 1674ರಿಂದ 1689ರವರೆಗಿನ ಹದಿನೈದು ವರ್ಷಗಳಲ್ಲಿ, ಐವರು ನಾಯಕರು ಗದ್ದುಗೆ ಏರಿ ಇಳಿದರು. ಅವರಲ್ಲಿ ಮೂವರು ಕೊಲೆಯಾದರು. ಅವರನ್ನು ಕೊಂದದ್ದು ಹೊರಗಿನ ಶತ್ರುವಲ್ಲ. ಅವರದೇ ಸೈನ್ಯ, ಅವರದೇ ದಳವಾಯಿಗಳು.

ಸಂಬಳದ ಬಾಕಿ

ಪಾಳೆಯಪಟ್ಟು ಎಂಬುದು ಹುಟ್ಟಿನಿಂದಲೇ ಸೈನಿಕ ವ್ಯವಸ್ಥೆ. ವಿಜಯನಗರದ ಅರಸರು ಗಡಿ ಕಾಯಲು, ಕರೆದಾಗ ದಂಡು ತರಲು ನಾಯಕರನ್ನು ನೇಮಿಸಿದರು. ಹೊಳಲ್ಕೆರೆಯ ಕಡೆಯಿಂದ ಬಂದ ತಿಮ್ಮಣ್ಣ ನಾಯಕನಿಗೆ 1568ರ ಹೊತ್ತಿಗೆ ದುರ್ಗ ದೊರೆತದ್ದು ಹೀಗೆ. ವಿಜಯನಗರ ಕುಸಿದಂತೆ ಪಾಳೆಯಗಾರರು ಸ್ವತಂತ್ರರಾದರು. ಬಸವಾಪಟ್ಟಣ, ಹರಪನಹಳ್ಳಿ, ರಾಯದುರ್ಗ, ಬಿದನೂರುಗಳ ನಡುವೆ ಗಡಿಜಗಳ ನಿತ್ಯದ ಮಾತಾಯಿತು. ಹಾಗಾಗಿ ಸೈನ್ಯವಿಲ್ಲದ ನಾಯಕನಿಗೆ ಒಂದು ವರ್ಷವೂ ಉಳಿಗಾಲವಿರಲಿಲ್ಲ.

ಈ ಸೈನ್ಯದ ತಿರುಳು ಬೇಡರ ಕಾಲಾಳು ಪಡೆ. ಹಲವರಿಗೆ ಉಂಬಳಿ ಭೂಮಿಯಿತ್ತು. ಉಳಿದವರು ಸಂಬಳ, ಇನಾಮು ಮತ್ತು ಲೂಟಿಯ ಪಾಲನ್ನು ನಂಬಿದ್ದರು. ನಾಯಕನಿಗೂ ಸೈನಿಕನಿಗೂ ನಡುವೆ ನಿಂತವನು ದಳವಾಯಿ. ಯುದ್ಧದಲ್ಲಿ ಅವನು ಸೇನಾಪತಿ. ಶಾಂತಿಯ ದಿನಗಳಲ್ಲಿ ಸೈನಿಕರ ಪರವಾಗಿ ಮಾತನಾಡುವ ಯಜಮಾನ. ಸಂಬಳ ಸರಿಯಾಗಿ ಬಂದರೆ ಅದು ದಳವಾಯಿಯ ದೊಡ್ಡತನ, ಬಾರದಿದ್ದರೆ ನಾಯಕನ ಜಿಪುಣತನ. ಇಂಥ ಏರ್ಪಾಡಿನಲ್ಲಿ ಬೊಕ್ಕಸ ಬರಿದಾದ ದಿನ ಕತ್ತಿ ಯಾರ ಕಡೆ ತಿರುಗುತ್ತದೆಂದು ಊಹಿಸುವುದು ಕಷ್ಟವಲ್ಲ.

1674ರಲ್ಲಿ ಎರಡನೆಯ ಮದಕರಿ ನಾಯಕ ತೀರಿಕೊಂಡ ಮೇಲೆ ಇದೇ ನಡೆಯಿತು. ಅವನ ನಂತರ ಬಂದ ಇಮ್ಮಡಿ ಓಬಣ್ಣ ನಾಯಕ ಕೆಲವೇ ತಿಂಗಳು ಆಳಿದ. ತಮಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಸಿಟ್ಟಾದ ಸೈನಿಕರ ದಂಗೆಯಲ್ಲಿ 1675ರಲ್ಲಿ ಅವನ ಕೊಲೆಯಾಯಿತು. ಅವನ ಬದಲು ಶೂರಕಾಂತ ನಾಯಕನನ್ನು ಕೂರಿಸಿದರು. ಕೂರಿಸಿದವರು ಬದಲಾಗಿರಲಿಲ್ಲ, ಬೊಕ್ಕಸವೂ ತುಂಬಿರಲಿಲ್ಲ. ಮರುವರ್ಷವೇ, 1676ರಲ್ಲಿ, ಶೂರಕಾಂತನೂ ಅದೇ ದಾರಿ ಹಿಡಿದ.

ಮೂರನೆಯವನಾಗಿ ಬಂದ ಚಿಕ್ಕಣ್ಣ ನಾಯಕ ಮಾತ್ರ ಹತ್ತು ವರ್ಷ ಬಾಳಿದ. ಅವನ ಕಾಲದಲ್ಲಿ ದುರ್ಗದ ದಂಡು ಹರಿಹರದ ಕಡೆ ಹೋರಾಟದಲ್ಲಿ ತೊಡಗಿತ್ತು. ಅಲ್ಲಿ ಯುಕ್ತಿಯಿಂದ ಗೆದ್ದವನೆಂದು ಅವನಿಗೆ ಹೆಸರಿದೆ. ಹೊರಗೆ ಶತ್ರುವಿದ್ದಾಗ ಒಳಗಿನ ದಂಗೆ ತಣ್ಣಗಿರುತ್ತದೆ ಎಂಬ ಹಳೆಯ ಮಾತಿಗೆ ಈ ಹತ್ತು ವರ್ಷಗಳು ಉದಾಹರಣೆಯಾಗಿವೆ.

ಮುದ್ದಣ್ಣನ ಕಾಲ

1686ರಲ್ಲಿ ಚಿಕ್ಕಣ್ಣ ನಾಯಕ ತೀರಿಕೊಂಡ. ಅವನ ತಮ್ಮ ಲಿಂಗಣ್ಣ ನಾಯಕ ಮೂರನೆಯ ಮದಕರಿ ಎಂಬ ಹೆಸರಿನಿಂದ ಪಟ್ಟವೇರಿದ. ಆ ಹೊತ್ತಿಗೆ ದುರ್ಗದಲ್ಲಿ ನಾಯಕನಿಗಿಂತ ದಳವಾಯಿ ಮುದ್ದಣ್ಣನ ಮಾತಿಗೇ ಬೆಲೆ ಹೆಚ್ಚಾಗಿತ್ತು. ಲಿಂಗಣ್ಣ ನಾಯಕ ಸೆರೆ ಸೇರಿದ, ಬಳಿಕ ಕೊಲೆಯಾದ. ಮುದ್ದಣ್ಣ ತಾನೇ ಗದ್ದುಗೆ ಏರಲಿಲ್ಲ. ಅರಸು ಮನೆತನದ ಹೆಸರಿನ ಆಸರೆ ಇಲ್ಲದೆ ಅಧಿಕಾರ ನಿಲ್ಲುವುದಿಲ್ಲವೆಂದು ಅವನಿಗೆ ತಿಳಿದಿದ್ದಿರಬೇಕು. ದೊಣ್ಣೆ ರಂಗಪ್ಪ ನಾಯಕನನ್ನು ಗದ್ದುಗೆಯ ಮೇಲೆ ಕೂರಿಸಿ, ಲಗಾಮನ್ನು ತನ್ನ ಮತ್ತು ತಮ್ಮಂದಿರ ಕೈಯಲ್ಲಿ ಇಟ್ಟುಕೊಂಡ.

ಆದರೆ ಕತ್ತಿಯಿಂದ ಅರಸನನ್ನು ಇಳಿಸಬಹುದೆಂದು ತೋರಿಸಿದವನು, ಕತ್ತಿಯಿಂದ ದಳವಾಯಿಯನ್ನೂ ಇಳಿಸಬಹುದೆಂಬುದನ್ನು ಇತರರಿಗೆ ಕಲಿಸಿದಂತೆಯೇ ಆಯಿತು. ಮುದ್ದಣ್ಣನ ದರ್ಬಾರನ್ನು ಸಹಿಸದ ಇನ್ನೊಂದು ಗುಂಪು ಹೊಂಚು ಹಾಕಿತು. ಮುದ್ದಣ್ಣ ಮತ್ತು ಅವನ ತಮ್ಮಂದಿರು ಹತರಾದರು. ಅವರ ಕೈಗೊಂಬೆಯಾಗಿದ್ದ ದೊಣ್ಣೆ ರಂಗಪ್ಪನೂ ಗದ್ದುಗೆ ಕಳೆದುಕೊಂಡ. 1689ರಲ್ಲಿ ಭರಮಣ್ಣ ನಾಯಕನಿಗೆ ಪಟ್ಟವಾಯಿತು.

ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಕೃತಿಯಿಂದ ಹಿಡಿದು ಹುಲ್ಲೂರು ಶ್ರೀನಿವಾಸ ಜೋಯಿಸರ ಶೋಧಗಳವರೆಗೆ ದುರ್ಗದ ಇತಿಹಾಸವನ್ನು ಹಲವರು ಕಟ್ಟಿಕೊಟ್ಟಿದ್ದಾರೆ. ಆದರೆ ಮುದ್ದಣ್ಣನ ಹೆಸರು ಮನೆಮನೆಗೆ ತಲುಪಿದ್ದು ತ.ರಾ.ಸು. ಅವರ ಕಾದಂಬರಿಗಳಿಂದ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳ ವಸ್ತು ಈ ಕಾಲದ ಒಳಜಗಳವೇ. ಮೂರನೆಯದರ ಹೆಸರಂತೂ ಮುದ್ದಣ್ಣನ ಗತಿಯನ್ನು ಒಂದೇ ಪದದಲ್ಲಿ ಹೇಳಿಬಿಡುತ್ತದೆ.

ರೋಮಿನಲ್ಲಿ, ಮೈಸೂರಿನಲ್ಲಿ, ಚೀನದಲ್ಲಿ

ಇದು ದುರ್ಗಕ್ಕಷ್ಟೇ ಸೀಮಿತವಾದ ರೋಗವಲ್ಲ. ಕ್ರಿ.ಶ. 193ರಲ್ಲಿ ರೋಮಿನ ಅರಮನೆ ಕಾವಲಿನ ಪಡೆ ಪರ್ಟಿನಾಕ್ಸ್ ಎಂಬ ಚಕ್ರವರ್ತಿಯನ್ನು ಕೊಂದು, ಸಿಂಹಾಸನವನ್ನೇ ಹರಾಜಿಗಿಟ್ಟಿತು. ಹೆಚ್ಚು ಹಣ ಕೂಗಿದ ಡಿಡಿಯಸ್ ಜೂಲಿಯಾನಸ್ ಎರಡು ತಿಂಗಳಷ್ಟೇ ಬಾಳಿದ. ಆಮೇಲೆ ಬಂದ ಸೆಪ್ಟಿಮಿಯಸ್ ಸೆವೆರಸ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಆ ಪಡೆಯನ್ನೇ ವಿಸರ್ಜಿಸಿದ್ದು.

ಮೈಸೂರಿನ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಕಳಲೆ ಮನೆತನದ ದಳವಾಯಿಗಳು 1734ರಲ್ಲಿ ಚಾಮರಾಜ ಒಡೆಯರನ್ನು ಇಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಒಡೆಯರು ಅಲ್ಲಿಯೇ ತೀರಿಕೊಂಡರು. ಆಮೇಲೆ ಅಧಿಕಾರ ನಡೆಸಿದ ಕರಾಚೂರಿ ನಂಜರಾಜಯ್ಯ ತಿರುಚಿರಾಪಳ್ಳಿಯ ಯುದ್ಧಕ್ಕೆ ಬೊಕ್ಕಸ ಸುರಿದು ಬರಿಗೈಯಲ್ಲಿ ಮರಳಿದ. ಸಂಬಳ ಸಿಗದ ಸೈನಿಕರು ಅವನ ಮನೆ ಬಾಗಿಲಲ್ಲೇ ಧರಣಿ ಕೂತರು. ಆ ಲೆಕ್ಕ ತೀರಿಸಲು ಮುಂದೆ ಬಂದವನು ಹೈದರ್ ಅಲಿ ಎಂಬ ಸೇನಾನಾಯಕ. ಸೈನಿಕರ ಬಾಕಿ ತೀರಿಸಿದವನ ಕಡೆಗೇ ಸೈನ್ಯ ವಾಲಿತು. 1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಹೈದರನ ಕೈಯಲ್ಲಿತ್ತು. ನಂಜರಾಜಯ್ಯನ ಕೊನೆಯ ದಿನಗಳು ಅವನ ಕಾವಲಿನಲ್ಲಿ ಕಳೆದವು.

ಇಪ್ಪತ್ತನೆಯ ಶತಮಾನದ ಚೀನದಲ್ಲಿ ಇದರ ತಿರುವುಮುರುವು ನಡೆಯಿತು. ಬಂದೂಕು ಪಕ್ಷದ ಹಿಡಿತದಲ್ಲಿರಬೇಕೇ ಹೊರತು ಪಕ್ಷ ಬಂದೂಕಿನ ಹಿಡಿತದಲ್ಲಿ ಅಲ್ಲ ಎಂಬುದು ಮಾವೊ ಹಾಕಿದ ಕಟ್ಟಳೆ. ಕ್ರಾಂತಿಸೇನೆಯನ್ನು ಕಟ್ಟಿದ ಹತ್ತು ಮಂದಿಗೆ 1955ರಲ್ಲಿ ಮಾರ್ಷಲ್ ಪದವಿ ಸಿಕ್ಕಿತು. ಅವರಲ್ಲಿ ಪೆಂಗ್ ದೆಹುವಾಯ್ 1959ರಲ್ಲಿ ಮಾವೊ ನೀತಿಯನ್ನು ಟೀಕಿಸಿ ಸ್ಥಾನ ಕಳೆದುಕೊಂಡು, ಸಾಂಸ್ಕೃತಿಕ ಕ್ರಾಂತಿಯ ಚಿತ್ರಹಿಂಸೆಗೆ ಸಿಕ್ಕಿ 1974ರಲ್ಲಿ ತೀರಿಕೊಂಡ. ಹೆ ಲುಂಗ್ 1969ರಲ್ಲಿ ಬಂಧನದಲ್ಲೇ ಸತ್ತ. ಮಾವೊನ ಉತ್ತರಾಧಿಕಾರಿಯೆಂದು ಘೋಷಿತನಾಗಿದ್ದ ಲಿನ್ ಬಿಯಾವೊ 1971ರಲ್ಲಿ ಮಂಗೋಲಿಯಾದಲ್ಲಿ ವಿಮಾನ ಉರುಳಿ ಸತ್ತ. ದುರ್ಗದಲ್ಲಿ ದಳವಾಯಿಗಳು ನಾಯಕರನ್ನು ನುಂಗಿದರೆ, ಚೀನದಲ್ಲಿ ನಾಯಕನೇ ದಳವಾಯಿಗಳನ್ನು ನುಂಗಿದ. ಎರಡೂ ಕಡೆ ಕಾಣೆಯಾಗಿದ್ದದ್ದು ಒಂದೇ: ಅಧಿಕಾರ ಕೈ ಬದಲಾಯಿಸಲು ರಕ್ತವಿಲ್ಲದ ದಾರಿ.

ಭರಮಣ್ಣನ ಉತ್ತರ

ಭರಮಣ್ಣ ನಾಯಕನೂ ಇನ್ನೊಬ್ಬರು ಕೂರಿಸಿದ ಅರಸನೇ. ಹಿಂದಿನವರಂತೆ ಅವನೂ ಒಂದೆರಡು ವರ್ಷಗಳಲ್ಲಿ ಮಾಯವಾಗಬಹುದಿತ್ತು. ಹಾಗಾಗಲಿಲ್ಲ. ಇದಕ್ಕೆ ಕಾರಣಗಳನ್ನು ಅವನ ಆಳ್ವಿಕೆಯಲ್ಲೇ ಹುಡುಕಬೇಕು.

ಮೊದಲನೆಯದು, ಅವನು ಸೈನ್ಯಕ್ಕೆ ಕೆಲಸ ಕೊಟ್ಟ. ಔರಂಗಜೇಬ 1686ರಲ್ಲಿ ಬಿಜಾಪುರ ಗೆದ್ದ ಮೇಲೆ ಶಿರಾ ಮೊಗಲರ ಪ್ರಾಂತ್ಯವಾಗಿ, ಖಾಸಿಂ ಖಾನ್ ಅಲ್ಲಿನ ಫೌಜುದಾರನಾಗಿದ್ದ. 1695ರ ಕೊನೆಯಲ್ಲಿ ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆ ಈಗಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಮೊಗಲ್ ಸೈನ್ಯವನ್ನು ಮುತ್ತಿದಾಗ, ಭರಮಣ್ಣನ ಕಡೆಯವರು ಸಂತಾಜಿಯ ಪಕ್ಷದಲ್ಲಿದ್ದರು. ಮುತ್ತಿಗೆಯಲ್ಲಿ ಖಾಸಿಂ ಖಾನ್ ಸತ್ತ. ಅವಮಾನ ತಾಳದೆ ವಿಷ ಕುಡಿದನೆಂಬ ಮಾತೂ ಇದೆ. ಉಳಿದವರು ಇಪ್ಪತ್ತು ಲಕ್ಷ ರೂಪಾಯಿ ಒತ್ತೆಹಣಕ್ಕೆ ಒಪ್ಪಿ ಪಾರಾದರು. ನೆರವಿಗೆ ಬಂದಿದ್ದ ಹಿಮ್ಮತ್ ಖಾನ್ 1696ರ ಜನವರಿಯಲ್ಲಿ ಬಸವಾಪಟ್ಟಣದ ಬಳಿ ಗುಂಡೇಟಿಗೆ ಬಲಿಯಾದ. ಗೆದ್ದ ಸಂತಾಜಿಯ ಗತಿಯೂ ಭಿನ್ನವಾಗಲಿಲ್ಲ: ತನ್ನವರೊಂದಿಗೇ ಮುನಿಸು ಬೆಳೆದು, 1697ರಲ್ಲಿ ಅವನ ತಲೆ ಉರುಳಿತು. ಎರಡು ವರ್ಷಗಳೊಳಗೆ ಮೂವರು ಸೇನಾಪತಿಗಳು ಅಳಿದರು. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿದ್ದ ಪಾಳೆಯಗಾರ ಉಳಿದ.

ಎರಡನೆಯದು, ಅವನು ಕೆರೆ ಕಟ್ಟಿಸಿದ. ಸುಮಾರು ಇಪ್ಪತ್ತು ಕೆರೆ, ಮೂವತ್ತು ದೇವಾಲಯಗಳು ಅವನ ಹೆಸರಿನಲ್ಲಿವೆ. ಇವನ್ನು ಬರೀ ಪುಣ್ಯಕಾರ್ಯವೆಂದು ಎಣಿಸಿದರೆ ಅರ್ಧ ಸತ್ಯವಷ್ಟೇ ಕಾಣುತ್ತದೆ. ದುರ್ಗದ ಸೀಮೆ ಮಳೆ ಕಡಿಮೆಯ ಬಯಲು. ಮಳೆಯನ್ನೇ ನಂಬಿದ ಹೊಲದಲ್ಲಿ ರಾಗಿ, ಜೋಳ ಬೆಳೆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಕೆರೆಯ ಕೆಳಗಿನ ಗದ್ದೆ ಹಾಗಲ್ಲ. ಅಲ್ಲಿ ಭತ್ತವಿದೆ, ತೋಟವಿದೆ, ವರ್ಷ ವರ್ಷವೂ ನಂಬಬಹುದಾದ ಕಂದಾಯವಿದೆ. ಓಬಣ್ಣ, ಶೂರಕಾಂತರನ್ನು ಬಲಿ ತೆಗೆದುಕೊಂಡದ್ದು ಬರಿದಾದ ಬೊಕ್ಕಸ. ಭರಮಸಾಗರದಂಥ ಕೆರೆ ತುಂಬಿದರೆ ಬೊಕ್ಕಸವೂ ತುಂಬುತ್ತಿತ್ತು. ಸೈನಿಕ ತನ್ನ ಅನ್ನಕ್ಕೆ ದಳವಾಯಿಯ ಮುಖ ನೋಡುವ ಬದಲು ನಾಯಕನ ಮುಖ ನೋಡುವಂತಾಗುತ್ತಿತ್ತು. ದಂಗೆಗೆ ಕತ್ತಿಗಿಂತ ಗಟ್ಟಿಯಾದ ಮದ್ದು ಕೆರೆಯ ಏರಿಯಲ್ಲಿತ್ತು ಎಂದರೆ ತಪ್ಪಾಗಲಾರದು.

ಮೂರನೆಯದು ಮುರುಘಾಮಠದ ಶಾಂತವೀರ ಸ್ವಾಮಿಗಳ ಮೇಲೆ ಅವನಿಟ್ಟ ಭಕ್ತಿ. ದಳವಾಯಿಯ ಕೃಪೆಯಿಂದ ಬಂದ ಅರಸನಿಗೆ ಗುರುವಿನ ಆಶೀರ್ವಾದ ಬೇರೆಯದೇ ಒಂದು ಮನ್ನಣೆ ತಂದುಕೊಟ್ಟಿತು. ಜನರ ಕಣ್ಣಿನಲ್ಲಿ ಅವನು ಸೈನ್ಯ ಕೂರಿಸಿದ ನಾಯಕನಾಗಿ ಉಳಿಯದೆ, ಗುರು ಹರಸಿದ ನಾಯಕನಾದ.

ಕೊನೆಯ ಅಂಕ

ಭರಮಣ್ಣನ ನಂತರ ನಾಯಕರು ತಾವೇ ದಂಡಿನ ಮುಂದೆ ನಿಂತರು, ಅದರ ಬೆಲೆಯನ್ನೂ ತೆತ್ತರು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಹರಪನಹಳ್ಳಿ, ಬಿದನೂರು, ರಾಯದುರ್ಗ, ಸವಣೂರುಗಳ ಕೂಟದ ವಿರುದ್ಧ ಹೋರಾಡುತ್ತ ನಾಲ್ಕನೆಯ ಮದಕರಿ ನಾಯಕ ಮಡಿದ. ಅವನ ಕಡೆ ನಿಂತಿದ್ದ ಚಂದಾ ಸಾಹೇಬ ಸೆರೆಸಿಕ್ಕಿ, ಹೇಗೋ ಬಿಡಿಸಿಕೊಂಡು ಹೋಗಿ, 1752ರಲ್ಲಿ ತಿರುಚಿರಾಪಳ್ಳಿಯ ಬಳಿ ತಲೆ ಕಳೆದುಕೊಂಡ.

1754ರಲ್ಲಿ ಪಟ್ಟವೇರಿದ ಕೊನೆಯ ಮದಕರಿ ನಾಯಕ ಆಗಿನ್ನೂ ಹನ್ನೆರಡರ ಹುಡುಗ. ಬೆಳೆದು ಹೈದರನ ದಂಡಯಾತ್ರೆಗಳಿಗೆ ನೆರವಾದ, ಆಮೇಲೆ ಅವನ ಹಗೆಯಾದ. 1777ರ ಮುತ್ತಿಗೆಯಲ್ಲಿ ಕೋಟೆ ಬಗ್ಗಲಿಲ್ಲ. 1779ರಲ್ಲಿ ಬಿತ್ತು. ನಾಯಕನ ಸಂಬಳ ತಿನ್ನುತ್ತಿದ್ದ ದಳವೊಂದು ಹೈದರನ ಕಡೆ ವಾಲಿದ್ದೇ ಇದಕ್ಕೆ ಕಾರಣವೆಂದು ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಮದಕರಿ ನಾಯಕ ಶ್ರೀರಂಗಪಟ್ಟಣದ ಸೆರೆಯಲ್ಲಿ ಕೊನೆಯುಸಿರೆಳೆದ. ಸಾವಿರಾರು ಬೇಡರನ್ನು ಊರು ಬಿಡಿಸಿ ಅಲ್ಲಿಗೆ ಸಾಗಿಸಿದರು. ಅವರ ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದರು.

ಗೆದ್ದ ದುರ್ಗವನ್ನು ಹೈದರ್ ಒಪ್ಪಿಸಿದ್ದು ಮಲಬಾರಿನಿಂದ ಸೆರೆಯಾಳಾಗಿ ಬಂದು ಮೇಲೇರಿದ್ದ ಶೇಖ್ ಅಯಾಜ್‌ಗೆ. ತನಗೆ ಓದು ಬರಹ ಬಾರದೆಂದು ಅಯಾಜ್ ಹಿಂಜರಿದಾಗ, ಬಲಗೈಯಲ್ಲಿ ಚಾವಟಿ ಇದ್ದರೆ ಸಾಕೆಂದು ಹೈದರ್ ಧೈರ್ಯ ಹೇಳಿದನೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ಮುಂದೆ ಬಿದನೂರಿನ ಅಧಿಕಾರಿಯಾದ ಇದೇ ಅಯಾಜ್, ಹೈದರ್ ಸತ್ತು ಟಿಪ್ಪು ಪಟ್ಟಕ್ಕೆ ಬಂದಾಗ ಜೀವಭಯದಿಂದ 1783ರಲ್ಲಿ ಬಿದನೂರನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ಗೆ ಬಿಟ್ಟುಕೊಟ್ಟು ಓಡಿಹೋದ. ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಸೆರೆಸಿಕ್ಕ ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಚಾವಟಿ ಕೈ ಬದಲಾಯಿಸುತ್ತ ಹೋಯಿತು, ಹಿಡಿದವರು ಯಾರೂ ನೆಮ್ಮದಿ ಕಾಣಲಿಲ್ಲ.

ಜನರ ನೆನಪಿನ ಲೆಕ್ಕವೇ ಬೇರೆ. ದುರ್ಗದ ಸೈನ್ಯದಿಂದ ಇಂದು ಎಲ್ಲರ ಬಾಯಲ್ಲಿರುವ ಹೆಸರು ಯಾವ ದಳವಾಯಿಯದೂ ಅಲ್ಲ. ಕಾವಲುಗಾರನ ಹೆಂಡತಿ, ಒನಕೆ ಹಿಡಿದು ಕಿಂಡಿ ಕಾಯ್ದ ಓಬವ್ವನದು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. ಭರಮಣ್ಣನ ಹೆಸರು ಕೆರೆಯಲ್ಲಿದೆ. ಬಹುಕಾಲ ನೀರು ಕಾಣದೆ ಬಳಲಿದ್ದ ಭರಮಸಾಗರದ ಕೆರೆಗೆ 2021ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಹರಿದಾಗ ಸುತ್ತಲಿನ ರೈತರು ಏರಿಯ ಮೇಲೆ ಕೂಡಿದರು. ಅರಸರನ್ನು ಕೂರಿಸಿ ಇಳಿಸಿದ ಮುದ್ದಣ್ಣನಿಗೆ ಅಂಥ ಒಂದು ಕುರುಹೂ ಇಲ್ಲ. ಕಾದಂಬರಿಯ ಪುಟಗಳಲ್ಲಿ ಅವನು ಇಂದಿಗೂ ಬದುಕಿದ್ದಾನೆ, ಒಂದು ಎಚ್ಚರಿಕೆಯ ಮಾತಾಗಿ.