ದಕ್ಷಿಣ ಭಾರತ ಸಭೆಯ ಐಕ್ಯತೆ: ನಂಬಿಕೆ, ತಾಳ್ಮೆ ಮತ್ತು ನಾಯಕತ್ವ (1919–1947)

1919ರ ಮೇ ತಿಂಗಳಲ್ಲಿ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಸೇರಿದ 33 ಸಭಾಪಾಲಕರು, ಒಡೆದು ನಿಂತಿದ್ದ ಪ್ರೊಟೆಸ್ಟಂಟ್ ಸಭೆಗಳು ಒಂದಾಗಬೇಕೆಂದು ಹೇಳಿಕೆ ಹೊರಡಿಸಿದರು. ಇಬ್ಬರನ್ನು ಬಿಟ್ಟರೆ ಅವರೆಲ್ಲ ಭಾರತೀಯರು. ಅವರ ಆಸೆ ಕೈಗೂಡಿದ್ದು 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಗಳ ಮೇಲೆ, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿದಾಗ. ನಡುವೆ ಸಂದ 28 ವರ್ಷಗಳನ್ನು ಸಭಾಚರಿತ್ರೆಗಳು ಬಹುಮಟ್ಟಿಗೆ ಕರಡು, ತಿದ್ದುಪಡಿ, ಮತಗಣನೆಗಳ ಕಥೆಯಾಗಿ ಹೇಳುತ್ತವೆ. ಕ್ರೈಸ್ತ ನಾಯಕತ್ವದಲ್ಲಿ ತಾಳ್ಮೆ ಎಂಬುದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಕೂಡ ಈ ಅವಧಿ ಮುಖ್ಯವಾದುದು.

ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ ನಂಬಿಕೆಯನ್ನೂ ತಾಳ್ಮೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ, ವಾಗ್ದಾನಕ್ಕಾಗಿ ಕಾದ ಅಬ್ರಹಾಮನನ್ನು ಮಾದರಿಯಾಗಿ ನಿಲ್ಲಿಸುತ್ತದೆ. ಅಬ್ರಹಾಮನದು ಒಬ್ಬನ ಕಾಯುವಿಕೆ. ದಕ್ಷಿಣ ಭಾರತದ ನಾಯಕರ ಕಷ್ಟ ಬೇರೆ ಬಗೆಯದು: ತಾವು ಕಾಯುವುದಲ್ಲದೆ, ತಮ್ಮನ್ನು ಪೂರ್ತಿ ನಂಬದವರನ್ನೂ ಜೊತೆಯಲ್ಲಿ ಕೂರಿಸಿಕೊಂಡು ಕಾಯಬೇಕಿತ್ತು.

ಒಡಕಿನ ಬೇರು ಯೂರೋಪಿನಲ್ಲಿತ್ತು. ಮಿಷನ್ ಸಂಸ್ಥೆಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡದಂತೆ ನಾಡನ್ನು ಹಂಚಿಕೊಂಡಿದ್ದವು. ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮೈಸೂರಿನಲ್ಲಿ ವೆಸ್ಲಿಯನ್, ಮಂಗಳೂರು ಧಾರವಾಡಗಳಲ್ಲಿ ಬಾಸೆಲ್ ಮಿಷನ್. ಹೀಗಾಗಿ ಕನ್ನಡ ಕ್ರೈಸ್ತನೊಬ್ಬ ಯಾವ ಪಂಥಕ್ಕೆ ಸೇರಿದವನೆಂಬುದನ್ನು ಅವನ ನಂಬಿಕೆಗಿಂತ ಅವನ ಊರು ನಿರ್ಧರಿಸುತ್ತಿತ್ತು. ಇಂಗ್ಲೆಂಡಿನ ಹಳೆಯ ಜಗಳಗಳ ಗಂಧವೇ ಇಲ್ಲದ ಹಳ್ಳಿಯ ಸಭೆಗಳು ಆ ಜಗಳಗಳ ಹೆಸರನ್ನು ಹೊತ್ತು ಬದುಕಬೇಕಾಯಿತು. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯಾಗಿ ಕೂಡಿದ್ದವು. ತರಂಗಂಬಾಡಿಯ ನಂತರ ಈ ಐಕ್ಯ ಸಭೆಗೂ ಆಂಗ್ಲಿಕನರಿಗೂ ಮಾತುಕತೆ ಶುರುವಾಯಿತು. 1925ರಲ್ಲಿ ವೆಸ್ಲಿಯನ್ ಮೆಥಡಿಸ್ಟರು ಬಂದು ಸೇರಿದರು.

ಈ ಪ್ರಯತ್ನದ ಮುಂದಾಳು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ (1874–1945). ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಹುಟ್ಟಿದ ಇವರು 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಇವರೇ. ಅದಕ್ಕೆ ಎರಡು ವರ್ಷ ಹಿಂದೆ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಲ್ಲಿ, ಮಿಷನರಿಗಳು ಭಾರತೀಯರಿಗೆ ಹಣ, ಶ್ರಮ ಎಲ್ಲವನ್ನೂ ಕೊಟ್ಟರೂ ಸ್ನೇಹ ಕೊಡಲಿಲ್ಲವೆಂದು ಅವರು ಮುಖಾಮುಖಿ ಹೇಳಿದ್ದರು. ಅಜರಯ್ಯನವರ ತಾಳ್ಮೆ ಬಾಯಿ ಮುಚ್ಚಿ ಕೂರುವ ತಾಳ್ಮೆಯಾಗಿರಲಿಲ್ಲ ಎಂಬುದಕ್ಕೆ ಈ ಭಾಷಣವೊಂದೇ ಸಾಕು. ದೋರ್ನಕಲ್ಲಿನಲ್ಲಿ ಅವರು ತೆಲುಗು ಕಲಿತು, ಬಹುಪಾಲು ದಲಿತರಾಗಿದ್ದ ಹಳ್ಳಿಯ ಸಭೆಗಳ ನಡುವೆ ದುಡಿದರು. ಐಕ್ಯತೆಯ ವಿಷಯದಲ್ಲಿ ಅವರ ವಾದ ಈ ಅನುಭವದಿಂದಲೇ ಹುಟ್ಟಿದ್ದು: ಪಶ್ಚಿಮದಲ್ಲಿ ಪಂಥಭೇದ ಬರೀ ದೌರ್ಬಲ್ಯವಿರಬಹುದು, ಸುವಾರ್ತೆ ಹೊಸದಾಗಿ ತಲುಪುತ್ತಿರುವ ನಾಡಿನಲ್ಲಿ ಅದು ಪಾಪ.

ಮಾತುಕತೆ ಕಗ್ಗಂಟಾದದ್ದು ಬಿಷಪರ ಪ್ರಶ್ನೆಯಲ್ಲಿ. ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಬಿಷಪ್ ಪರಂಪರೆಯ ಮೂಲಕವೇ ಪಾಲಕದೀಕ್ಷೆ ಆಗಬೇಕೆಂದು ಆಂಗ್ಲಿಕನರು ನಂಬಿದ್ದರು. ಆ ಪರಂಪರೆಯಿಲ್ಲದ ಸಭೆಗಳ ಪಾಲಕರಿಗೆ ಮತ್ತೆ ದೀಕ್ಷೆ ಕೊಡುವುದೆಂದರೆ, ಅವರು ಅಲ್ಲಿಯವರೆಗೆ ಮಾಡಿದ ಸೇವೆಯೆಲ್ಲ ಸಿಂಧುವಲ್ಲ ಎಂದಂತೆ. ಇತ್ತ ಐಕ್ಯ ಸಭೆಯಲ್ಲಿ ಕೆಲವರು, ದೀಕ್ಷೆಯಿಲ್ಲದ ಸಾಮಾನ್ಯ ವಿಶ್ವಾಸಿಯೂ ಕರ್ತನ ಭೋಜನ ನಡೆಸಬಹುದೆಂದು ಪಟ್ಟು ಹಿಡಿದರು. 1929ರಲ್ಲಿ ಪ್ರಕಟವಾದ ಮೊದಲ ಯೋಜನೆ ಮತ್ತೆ ಮತ್ತೆ ತಿದ್ದುಪಡಿಗೊಂಡಿತು.

ಗಂಟು ಬಿಚ್ಚಿದ ಬಗೆ ಗಮನಾರ್ಹ. ಮುಂದೆ ಎಲ್ಲ ದೀಕ್ಷೆಗಳೂ ಬಿಷಪರಿಂದಲೇ ಆಗತಕ್ಕದ್ದು. ಆದರೆ ಈಗಾಗಲೇ ಸೇವೆಯಲ್ಲಿರುವ ಪಾಲಕರನ್ನು ಮರುದೀಕ್ಷೆಯಿಲ್ಲದೆ ಹಾಗೆಯೇ ಅಂಗೀಕರಿಸತಕ್ಕದ್ದು. ಇಂಥ ವಿನಾಯಿತಿಗಳನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು 30 ವರ್ಷಗಳ ನಂತರ ಸಭೆಯೇ ತೀರ್ಮಾನಿಸತಕ್ಕದ್ದು. ಇದರ ಜೊತೆಗೆ, ಯಾವ ಸ್ಥಳೀಯ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾಲಕರನ್ನಾಗಲಿ ಆರಾಧನಾ ಕ್ರಮವನ್ನಾಗಲಿ ಹೇರುವುದಿಲ್ಲವೆಂಬ ಪ್ರತಿಜ್ಞೆಯೂ ಇತ್ತು. ವ್ಯಕ್ತಿಗಳ ಗುಣವಾಗಿದ್ದ ತಾಳ್ಮೆ ಹೀಗೆ ಸಭೆಯ ಸಂವಿಧಾನಕ್ಕೇ ಇಳಿಯಿತು. ದೇವತಾಶಾಸ್ತ್ರಜ್ಞರಲ್ಲಿ ಕೆಲವರು ಇದನ್ನು ಪ್ರಶ್ನೆಯಿಂದ ಜಾರಿಕೊಳ್ಳುವ ಉಪಾಯವೆಂದು ಹೀಗಳೆದರು. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಒಟ್ಟಿಗೆ ಬಾಳಿದರೆ ಭೇದ ತಾನಾಗಿ ಸವೆಯುತ್ತದೆಂಬ ಈ ಭರವಸೆ, ವಾದದಲ್ಲಿ ಗೆದ್ದು ತರುವ ಒಪ್ಪಂದಕ್ಕಿಂತ ಹೆಚ್ಚು ನಂಬಿಕೆಯನ್ನು ಬೇಡುವಂಥದು.

ಅಜರಯ್ಯ ಫಲವನ್ನು ಕಾಣಲಿಲ್ಲ. 1945ರ ಜನವರಿ 1ರಂದು ಅವರು ತೀರಿಕೊಂಡರು. ಆಂಗ್ಲಿಕನ್ ಮಹಾಸಭೆ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಅದೇ ತಿಂಗಳು.

ತಾಳ್ಮೆಗೆ ತೆತ್ತ ಬೆಲೆಯೂ ಇದೆ. ಜಗತ್ತಿನ ಆಂಗ್ಲಿಕನ್ ಬಿಷಪರು ಸೇರಿದ 1948ರ ಲ್ಯಾಂಬೆತ್ ಸಮ್ಮೇಳನ ಹೊಸ ಸಭೆಯೊಂದಿಗೆ ಪೂರ್ಣ ಅನ್ಯೋನ್ಯತೆಗೆ ಒಪ್ಪಲಿಲ್ಲ. ತಮ್ಮ ಹಳೆಯ ಮನೆಯಿಂದಲೇ ಭಾಗಶಃ ಹೊರಗುಳಿದಂತಾದ ಆಂಗ್ಲಿಕನರಿಗೆ ಇದು ಸಣ್ಣ ನೋವಲ್ಲ. ನಂದ್ಯಾಲ ಸೀಮೆಯ ಬಹಳಷ್ಟು ಆಂಗ್ಲಿಕನರು ಹೊಸ ಸಭೆಗೆ ಬರಲೊಪ್ಪದೆ ದಶಕಗಳ ಕಾಲ ಹೊರಗೇ ನಿಂತರು. ನಾಯಕರು ಎಷ್ಟೇ ಕಾದರೂ ಕೆಳಗಿನ ಸಭೆಗಳ ಮನಸ್ಸು ಅದೇ ವೇಗದಲ್ಲಿ ಹಣ್ಣಾಗುವುದಿಲ್ಲ. ಸಮಿತಿಯ ಮೇಜಿನ ಸುತ್ತ ಬೆಳೆದ ವಿಶ್ವಾಸವನ್ನು ಹಳ್ಳಿಗೆ ತಲುಪಿಸುವ ಕೆಲಸ ಸಾಲದಾಯಿತೆಂದೇ ಹೇಳಬೇಕು.

ಇನ್ನೊಂದೆಡೆ ತಾಳ್ಮೆ ಫಲವನ್ನೂ ಕೊಟ್ಟಿತು. ಬಿಷಪರೇ ಇಲ್ಲದ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯಿಂದ ಬಂದಿದ್ದ ಲೆಸ್ಲಿ ನ್ಯೂಬಿಗಿನ್ 37ನೇ ವಯಸ್ಸಿನಲ್ಲಿ ಮದುರೈ–ರಾಮನಾಡಿನ ಬಿಷಪ್ ಆದರು. ಹೊಸ ಸಭೆಯ ಮೊದಲ ಮಾಡರೇಟರ್ (ಮುಖ್ಯಸ್ಥ) ಮೈಕೆಲ್ ಹಾಲಿಸ್ ಆಂಗ್ಲಿಕನರು. 1954ರಲ್ಲಿ ಅವರ ನಂತರ ಆ ಸ್ಥಾನಕ್ಕೆ ಬಂದವರು ಹೊಸಪೇಟೆ ಸುಮಿತ್ರ. ಕನ್ನಡ ನಾಡಿನಲ್ಲಿ ಒಂದೇ ಆಗಿದ್ದ ಮೈಸೂರು ಸಭಾಪ್ರಾಂತ 1970ರಲ್ಲಿ ಮಧ್ಯ, ಉತ್ತರ, ದಕ್ಷಿಣವೆಂದು ಮೂರಾಯಿತು. ಈ ವಿಂಗಡಣೆಗೆ ಆಧಾರವಾದದ್ದು ಪ್ರದೇಶವೇ ಹೊರತು ಹಳೆಯ ಪಂಥವಲ್ಲ.