ಪಾಂಬನ್ ಸೇತುವೆ ಮತ್ತು ನಮ್ಮ ಶರಾವತಿ

ಎಂಟನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ಮಾಸ್ತರರು ಭಾರತದ ಭೂಪಟದ ಕೆಳತುದಿಯಲ್ಲಿ ಬೆರಳಿಟ್ಟು, "ನಮ್ಮ ಹೊನ್ನಾವರದ ರೈಲ್ವೆ ಸೇತುವೆಯಷ್ಟೇ ಉದ್ದದ ಇನ್ನೊಂದು ಇಲ್ಲಿದೆ. ಅದು ಹೊಳೆಯ ಮೇಲಲ್ಲ, ಸಮುದ್ರದ ಮೇಲೆ" ಎಂದಿದ್ದರು. ಹೋದ ವರ್ಷ ಅಮ್ಮನನ್ನು ರಾಮೇಶ್ವರಕ್ಕೆ ಕರೆದೊಯ್ದಾಗ ಆ ಮಾತು ನೆನಪಾಯಿತು. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ರಾಮೇಶ್ವರ ಇರುವುದು ಪಾಂಬನ್ ದ್ವೀಪದಲ್ಲಿ. ಮೊದಲು ಯಾತ್ರಿಕರು ಮಂಡಪಂ ಕಡೆಯಿಂದ ದೋಣಿಯಲ್ಲಿ ದಾಟಬೇಕಿತ್ತು. 1914ರ ಫೆಬ್ರವರಿ 24ರಂದು ಸುಮಾರು 2.06 ಕಿ.ಮೀ. ಉದ್ದದ ರೈಲು ಸೇತುವೆ ತೆರೆಯಿತು. ಹಡಗು ಬಂದರೆ ಸೇತುವೆಯ ಎರಡು ತೋಳುಗಳನ್ನು ಕೆಲಸಗಾರರು ಕೈಯಿಂದಲೇ ಯಂತ್ರ ತಿರುಗಿಸಿ ಮೇಲೆತ್ತುತ್ತಿದ್ದರು. ರೈಲು ಧನುಷ್ಕೋಡಿಯವರೆಗೆ ಹೋಗುತ್ತಿತ್ತು. ಅಲ್ಲಿಂದ ಸಿಲೋನಿಗೆ ಹಡಗು. ಯಾತ್ರಿಕರಿಗೆ ಅನುಕೂಲವಾಯಿತು, ದೋಣಿಯವರ ಸಂಪಾದನೆ ಕುಗ್ಗಿತು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಧನುಷ್ಕೋಡಿಯ ಹತ್ತಿರ ಬಂದಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಂದಿಗೆ ಸಮುದ್ರದ ಪಾಲಾಯಿತು. ಸೇತುವೆಯ ಬಹುಪಾಲು ಗರ್ಡರುಗಳು ಕೊಚ್ಚಿಹೋದವು. ಮೇಲೆತ್ತುವ ಭಾಗ ಉಳಿಯಿತು.

ದುರಸ್ತಿಯ ಹೊಣೆ 32 ವರ್ಷದ ಎಂಜಿನಿಯರ್ ಇ. ಶ್ರೀಧರನ್ ಅವರ ಮೇಲೆ ಬಿತ್ತು. ಮುಳುಗಿದ ಗರ್ಡರುಗಳು ಎಲ್ಲಿವೆಯೆಂದು ತೋರಿಸಿಕೊಟ್ಟವರು ಅಲ್ಲಿನ ಮೀನುಗಾರರು. ಅವನ್ನೇ ಎತ್ತಿಸಿ ಜೋಡಿಸಿ, 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ನಾನು ಆ ಪ್ರಾಯ ದಾಟಿದವನು. ನನ್ನ ಸಾಫ್ಟ್‌ವೇರ್ ಕೆಲಸದಲ್ಲಿ ತಪ್ಪಾದರೆ ನಿನ್ನೆಯ ಪ್ರತಿಗೆ ಹಿಂದಿರುಗಬಹುದು. ಅವರಿಗೆ ಆ ಸೌಕರ್ಯ ಇರಲಿಲ್ಲ.

ಇದೇ ಶ್ರೀಧರನ್ ಮುಂದೆ ಕೊಂಕಣ ರೈಲ್ವೆಯ ಮುಖ್ಯಸ್ಥರಾದರು. ನಮ್ಮ ಶರಾವತಿಯ ಮೇಲಿನ 2.06 ಕಿ.ಮೀ. ಸೇತುವೆ ಅವರ ಕಾಲದ್ದು.

ಪಾಂಬನ್‌ನಲ್ಲಿ 1988ರಲ್ಲಿ ರಸ್ತೆ ಸೇತುವೆ ಬಂತು. 2022ರ ಡಿಸೆಂಬರಿನಲ್ಲಿ ಹಳೆಯ ಸೇತುವೆಯ ಮೇಲೆ ರೈಲು ನಿಂತಿತು. 2025ರ ಏಪ್ರಿಲ್ 6ರಂದು ಪಕ್ಕದಲ್ಲೇ ಹೊಸದು ಉದ್ಘಾಟನೆಯಾಯಿತು. ಅದರಲ್ಲಿ 72.5 ಮೀಟರಿನ ನಡುಭಾಗ ಲಿಫ್ಟಿನಂತೆ ನೇರವಾಗಿ ಮೇಲೇರುತ್ತದೆ.

ಆದರೆ ಧನುಷ್ಕೋಡಿಗೆ ರೈಲು ಮತ್ತೆ ಬರಲಿಲ್ಲ. ಆ ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ಇಂದಿಗೂ ಕೆಲವು ಮೀನುಗಾರರು ಗುಡಿಸಲು ಕಟ್ಟಿಕೊಂಡಿದ್ದಾರೆ. ಮುರಿದ ಚರ್ಚಿನ ಗೋಡೆಯ ಪಕ್ಕ ನಿಂತ ಅಮ್ಮ, "ಸೇತುವೆ ಎದ್ದಿತು, ಊರು ಏಳಲಿಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಶರಾವತಿ ದಾಟಿ ಬೆಂಗಳೂರಿಗೆ ಹೋದವರಲ್ಲಿ ನಾನೂ ಒಬ್ಬ. ಅದೇ ಸೇತುವೆ ನಮ್ಮನ್ನು ಊರಿಗೂ ತರುತ್ತದೆ. ಈ ಮಹೋತ್ಸವಕ್ಕೆ ಎಲ್ಲರೂ ಬನ್ನಿ, ಆಮೇಲೂ ಬರುತ್ತಿರಿ.