ಬಡಾವಣೆಯ ಸ್ತ್ರೀಸಮಾಜದಿಂದ ಕಾಲೇಜಿನ ತರಗತಿಗೆ: ಬೆಂಗಳೂರಿನಲ್ಲಿ ಮಹಿಳಾ ಅಧ್ಯಯನದ ಪೂರ್ವಚರಿತ್ರೆ

ನಮ್ಮ ಪದವಿ ಕಾಲೇಜುಗಳಲ್ಲಿ ಮಹಿಳಾ ಅಧ್ಯಯನವೆಂಬ ವಿಷಯವನ್ನು ಹೊಸದಾಗಿ ಪ್ರವೇಶಿಸುವ ವಿದ್ಯಾರ್ಥಿಗೆ ಅದರ ಉಗಮದ ವೃತ್ತಾಂತವನ್ನು ಹೇಳುವ ಒಂದು ರೂಢಿಯ ಕ್ರಮವುಂಟು. ಭಾರತದ ಸ್ತ್ರೀಯರ ಸ್ಥಿತಿಗತಿಗಳನ್ನು ಪರಿಶೀಲಿಸುವುದಕ್ಕಾಗಿ ಕೇಂದ್ರ ಸರ್ಕಾರ ನೇಮಿಸಿದ್ದ ಸಮಿತಿಯು, ಫುಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ, ವೀಣಾ ಮಜುಂದಾರ್ ಅವರ ಕಾರ್ಯದರ್ಶಿತ್ವದಲ್ಲಿ, 1974ರ ಕೊನೆಯಲ್ಲಿ ತನ್ನ ವರದಿಯನ್ನೊಪ್ಪಿಸಿತು; ಸಾವಿರ ಮಂದಿ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರ ಸಂಖ್ಯೆಯು 1971ರ ಹೊತ್ತಿಗೆ 930ಕ್ಕೆ ಇಳಿದಿತ್ತೆಂಬ ಕಠೋರ ಸತ್ಯವನ್ನು ಆ ವರದಿ ದೇಶದ ಮುಂದಿಟ್ಟಿತು. ಅದೇ ವರ್ಷ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ನೀರಾ ದೇಸಾಯಿಯವರ ನೇತೃತ್ವದಲ್ಲಿ ಮಹಿಳಾ ಅಧ್ಯಯನಕ್ಕಾಗಿಯೇ ಸಂಶೋಧನ ವಿಭಾಗವೊಂದು ಆರಂಭವಾಯಿತು. 1981ರಲ್ಲಿ ಅಲ್ಲಿಯೇ ಮೊದಲ ರಾಷ್ಟ್ರೀಯ ಸಮ್ಮೇಳನ ನೆರೆಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನೆರವಿನಿಂದ ಅಲ್ಲಲ್ಲಿ ಕೇಂದ್ರಗಳು ತಲೆಯೆತ್ತಿದುವು. ಈ ವೃತ್ತಾಂತದಲ್ಲಿ ಅಸತ್ಯವೇನೂ ಇಲ್ಲ. ಆದರೆ ಇದು ವಿಷಯದ ಆಡಳಿತಚರಿತ್ರೆಯೇ ಹೊರತು ಅದರ ವಿಚಾರಚರಿತ್ರೆಯಲ್ಲ. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಇಂದು ಪಾಠಪಟ್ಟಿಯಲ್ಲಿ ಮೊದಲ ಅಧ್ಯಾಯಗಳಾಗಿ ನಿಂತಿರುವ ಪ್ರಶ್ನೆಗಳು, ಎಂದರೆ ವಿದ್ಯೆ ಯಾರಿಗೆ, ಆಸ್ತಿ ಯಾರಿಗೆ, ವಿವಾಹದಿಂದ ಹೆಣ್ಣಿಗೆ ದೊರೆಯುವುದೇನು, ಕಳೆದುಹೋಗುವುದೇನು ಎಂಬಂಥವು, ವಿಶ್ವವಿದ್ಯಾನಿಲಯವು ಅವನ್ನು ಗುರುತಿಸುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಬಸವನಗುಡಿ, ಚಾಮರಾಜಪೇಟೆಗಳ ಸ್ತ್ರೀಸಮಾಜಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಎದ್ದಿದ್ದುವೆಂಬುದು ಈ ಲೇಖನದ ಪ್ರತಿಪಾದ್ಯ.

ಸ್ಥಳದ ವಿಚಾರವನ್ನು ಮೊದಲು ಪರಿಶೀಲಿಸುವುದು ಯುಕ್ತ. ಚಾಮರಾಜಪೇಟೆ 1892ರ ಸುಮಾರಿಗೆ ರೂಪುಗೊಂಡ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ನಡುಗಿಸಿದ ಮೇಲೆ ವಿಸ್ತಾರ ಪಡೆದುವು. ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಇಲ್ಲಿ ಮನೆಗಳನ್ನು ಕಟ್ಟಿಕೊಂಡು ನೆಲಸಿದರು. ಅವರಲ್ಲಿ ಮೇಲುಜಾತಿಯವರೇ ಅಧಿಕ. ಗಂಡಸರು ಕಚೇರಿಗೆ ಹೊರಟ ಮೇಲೆ ಮನೆಯಲ್ಲುಳಿದ ಹೆಂಗಸರಲ್ಲಿ ಸುಮಂಗಲಿಯರಂತೆಯೇ ಬಾಲ್ಯದಲ್ಲಿ ವೈಧವ್ಯ ಪಡೆದು, ತವರಿನಲ್ಲಿಯೋ ಅಣ್ಣತಮ್ಮಂದಿರ ಆಶ್ರಯದಲ್ಲಿಯೋ ಅಡುಗೆಮನೆಗೂ ದೇವರಮನೆಗೂ ಸೀಮಿತರಾಗಿ ಬದುಕು ಸವೆಸುತ್ತಿದ್ದ ಮಡಿ ಹೆಂಗಸರೂ ಇದ್ದರು. ಮಧ್ಯಾಹ್ನದ ಬಿಡುವು, ನಡೆದು ಹೋಗಬಹುದಾದಷ್ಟು ಹತ್ತಿರದ ಬೀದಿಗಳು, ಓದು ಬಲ್ಲ ಕೆಲವರು, ಓದಲು ಹಂಬಲಿಸುವ ಹಲವರು, ಇಷ್ಟೂ ಒಂದೆಡೆ ಕೂಡಿದ್ದರಿಂದಲೇ ಸ್ತ್ರೀಸಮಾಜವೆಂಬ ಸಂಸ್ಥೆ ಈ ಬಡಾವಣೆಗಳಲ್ಲಿ ಬೇರೂರಿತೆಂದು ನಾನು ತಿಳಿಯುತ್ತೇನೆ. ಸುಧಾರಕ ಪುರುಷರ ಪ್ರೋತ್ಸಾಹ ಇತ್ತೆಂಬುದು ನಿಜ. ಆದರೆ ಸಮಾಜವನ್ನು ದಿನದಿನವೂ ನಡೆಸಿದವರು ಹೆಂಗಸರೇ.

ಈ ದೃಷ್ಟಿಯಿಂದ 1913 ಸ್ಮರಣೀಯವಾದ ವರ್ಷ. ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರಾದ ಕೆ. ಡಿ. ರುಕ್ಮಿಣಿಯಮ್ಮನವರ ಹೆಸರಿನೊಡನೆ ಬೆಸೆದುಕೊಂಡಿರುವ ಮಹಿಳಾ ಸೇವಾ ಸಮಾಜವು ಬಸವನಗುಡಿಯಲ್ಲಿ ಆರಂಭವಾದದ್ದು ಆ ವರ್ಷ. ನಂಜನಗೂಡಿನಲ್ಲಿ ಬಾಲವಿಧವೆಯಾದ ತಿರುಮಲಾಂಬಾ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಸ್ಥಾಪಿಸಿ, ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದೂ ಅದೇ ವರ್ಷವೇ. ಒಬ್ಬರು ಸಂಸ್ಥೆಯನ್ನು ಕಟ್ಟಿದರು, ಇನ್ನೊಬ್ಬರು ಮುದ್ರಣಾಲಯದ ಮಾರ್ಗವನ್ನು ಹಿಡಿದರು. ಈ ಎರಡು ಮಾರ್ಗಗಳೂ ಒಂದೇ ವ್ಯಕ್ತಿಯಲ್ಲಿ ಸಂಗಮಿಸಿದುದನ್ನು ನಾವು ಚಾಮರಾಜಪೇಟೆಯ ಆರ್. ಕಲ್ಯಾಣಮ್ಮನವರಲ್ಲಿ ಕಾಣುತ್ತೇವೆ. ತಾವೂ ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನನುಭವಿಸಿದ ಅವರು ಶಾರದಾ ಸ್ತ್ರೀಸಮಾಜವನ್ನು ಕಟ್ಟಿ, 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿ, ನಾಲ್ಕು ದಶಕಗಳ ಪರ್ಯಂತ ತಾವೇ ಸಂಪಾದಕಿಯಾಗಿ ನಡೆಸಿ, ಮಕ್ಕಳಿಗಾಗಿ ಅಖಿಲ ಕರ್ನಾಟಕ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಚಾಮರಾಜಪೇಟೆಯ ವೃತ್ತವೊಂದಕ್ಕೆ ಇಂದಿಗೂ ಮಕ್ಕಳ ಕೂಟದ ಹೆಸರಿದೆ. ಅಲ್ಲಿ ಬಸ್ಸಿಳಿಯುವ ಎಷ್ಟು ಮಂದಿಗೆ ಆ ಹೆಸರಿನ ಹಿಂದೆ ಒಬ್ಬ ಪತ್ರಿಕಾ ಸಂಪಾದಕಿ ಇದ್ದಾರೆಂಬುದು ತಿಳಿದಿದೆಯೋ ಹೇಳಲಾಗದು.

ಈ ಲೇಖಕಿಯರನ್ನು ಇಂದಿನ ಸ್ತ್ರೀವಾದದ ಅಳತೆಗೋಲಿನಿಂದ ಅಳೆದು ಹೊಗಳುವುದೂ ತೆಗಳುವುದೂ ಸಮಾನವಾಗಿ ಅನುಚಿತ. ‘ಸತೀಹಿತೈಷಿಣೀ’ ಎಂಬ ಹೆಸರೇ ಸತೀಧರ್ಮವನ್ನು ಸ್ವೀಕರಿಸಿ ಹೊರಟದ್ದು. ‘ಸುಶೀಲೆ’ಯ ನಾಯಿಕೆಯೂ ಸಹನಶೀಲೆಯಾದ ಆದರ್ಶಗೃಹಿಣಿಯೇ. ಸಮಾಜಗಳಲ್ಲಿ ಕಲಿಸುತ್ತಿದ್ದ ಹೊಲಿಗೆ, ಕಸೂತಿ, ಸಂಗೀತ, ಶಿಶುಪಾಲನೆಗಳು ಹೆಣ್ಣನ್ನು ಮನೆಯೊಳಗೆ ಇನ್ನಷ್ಟು ನಿಪುಣೆಯನ್ನಾಗಿ ಮಾಡುವ ವಿದ್ಯೆಗಳೇ ಆಗಿದ್ದುವೆಂದು ಆಕ್ಷೇಪಿಸುವವರೂ ಉಂಟು. ಆದರೆ ಕನ್ನಡ ಸ್ತ್ರೀಸಾಹಿತ್ಯದ ಪರಂಪರೆಯನ್ನು ಬಲ್ಲವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸದಿರಲಾರರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದವಳಾಗಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯದಲ್ಲಿ ಪತಿವ್ರತೆಯ ಕರ್ತವ್ಯಗಳನ್ನೇ ವಿಸ್ತರಿಸುತ್ತ ಹೋಗಿ, ನಡುವೆ ಥಟ್ಟನೆ ನಿಂತು, ಹೆಣ್ಣೆಂದು ಹೀಗಳೆಯುವವರನ್ನು ಪ್ರಶ್ನಿಸುತ್ತಾಳೆ. ಕರ್ತವ್ಯವನ್ನು ಬೋಧಿಸುವ ಗ್ರಂಥದ ಒಡಲಲ್ಲಿಯೇ ಆ ಪ್ರಶ್ನೆ ಹುಟ್ಟಿತೆಂಬುದು ಆಕಸ್ಮಿಕವಲ್ಲ. ಹೆಣ್ಣಿಗೆ ಬರೆಯಲು ದೊರೆತ ಅನುಮತಿ ಅದೊಂದೇ ಆಗಿದ್ದಾಗ, ಅದರ ಒಳಗಿನಿಂದಲೇ ಆಕೆ ಮಾತಾಡಬೇಕಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಪತ್ರಿಕೆಗಳನ್ನೂ ಇದೇ ವಿವೇಚನೆಯಿಂದ ಓದಬೇಕೆಂಬುದು ನನ್ನ ದೃಢಾಭಿಪ್ರಾಯ.

ಇನ್ನು ಶಾಸನಗಳ ವಿಚಾರ. ಇಲ್ಲಿ ಮೈಸೂರು ಸಂಸ್ಥಾನದ ಇತಿಹಾಸವು ಅತ್ಯಂತ ಸಮೃದ್ಧವಾಗಿದ್ದರೂ ನಮ್ಮ ಪ್ರಾರಂಭಿಕ ಪಾಠಗಳಲ್ಲಿ ಅದಕ್ಕೆ ದೊರೆತಿರುವ ಸ್ಥಳ ಅತ್ಯಲ್ಪ. 1894ರ ಬಾಲ್ಯವಿವಾಹ ನಿಷೇಧದ ಕಾನೂನು ಎಂಟು ವರ್ಷ ತುಂಬದ ಬಾಲಿಕೆಯ ಮದುವೆಯನ್ನೂ, ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದ ಪುರುಷನಿಗೆ ಕೊಡುವುದನ್ನೂ ನಿಷೇಧಿಸಿತು. ಆ ಮಿತಿಗಳು ಇಂದು ನಮ್ಮನ್ನು ಬೆಚ್ಚಿಬೀಳಿಸುವಷ್ಟು ಅಲ್ಪವೆಂಬುದೇ ಅಂದಿನ ಸ್ಥಿತಿಗೆ ಸಾಕ್ಷಿ. 1909ರಲ್ಲಿ ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದರ ಮರುವರ್ಷ ಬೆಂಗಳೂರು ನಾಗರತ್ನಮ್ಮನವರು, ತಾವೂ ದೇವದಾಸಿ ಕುಲದವರೇ ಆಗಿದ್ದು, ಮುದ್ದುಪಳನಿಯೆಂಬ ಹದಿನೆಂಟನೆಯ ಶತಮಾನದ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನ’ವನ್ನು ಹಿಂದಿನ ಮುದ್ರಣದಲ್ಲಿ ಕೈಬಿಟ್ಟಿದ್ದ ಭಾಗಗಳೊಡನೆ ಸಂಪಾದಿಸಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು, ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು. ಸುಧಾರಣೆಯೆಂಬುದು ಒಬ್ಬಳ ಬಂಧನವನ್ನು ಬಿಡಿಸುವಾಗಲೇ ಇನ್ನೊಬ್ಬಳ ಕಲೆಯನ್ನೂ ಜೀವನೋಪಾಯವನ್ನೂ ಕಸಿಯಬಹುದೆಂಬ ಜಟಿಲವಾದ ಪಾಠವನ್ನು ಕಲಿಸುವುದಕ್ಕೆ ಈ ಎರಡು ಘಟನೆಗಳಿಗಿಂತ ಸಮರ್ಥವಾದ ಉದಾಹರಣೆ ನನಗೆ ತಿಳಿಯದು. ದೂರದ ದೇಶಗಳ ಗ್ರಂಥಗಳನ್ನು ತೆರೆಯುವ ಮೊದಲು ಇವನ್ನು ತರಗತಿಯಲ್ಲಿ ಚರ್ಚಿಸಿದರೆ ವಿದ್ಯಾರ್ಥಿನಿಗೆ ಪ್ರಶ್ನೆ ತನ್ನದೆನಿಸುತ್ತದೆ.

1923ರಲ್ಲಿ ಪ್ರಜಾಪ್ರತಿನಿಧಿ ಸಭೆಯ ಕಾನೂನು ಹೆಂಗಸೆಂಬ ಕಾರಣಕ್ಕೆ ಇದ್ದ ಮತದಾನದ ಅನರ್ಹತೆಯನ್ನು ತೆಗೆದುಹಾಕಿತು. ಆಸ್ತಿಯ ಅರ್ಹತೆ ಉಳಿದದ್ದರಿಂದ ಅದರ ಫಲ ಕೆಲವರಿಗಷ್ಟೇ ದಕ್ಕಿತು. ಇವೆಲ್ಲಕ್ಕಿಂತ ಮಹತ್ತರವಾದುದು 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ. ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿಯ ಪರಿಶೀಲನೆಯ ತರುವಾಯ ಬಂದ ಈ ಶಾಸನವು, ಬ್ರಿಟಿಷ್ ಇಂಡಿಯದಲ್ಲಿ 1937ರಲ್ಲಿ ವಿಧವೆಯರಿಗೆ ಸೀಮಿತ ಹಕ್ಕು ದೊರೆಯುವುದಕ್ಕೆ ನಾಲ್ಕು ವರ್ಷ ಮುಂಚೆಯೇ, ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೂ ತಾಯಿಗೂ ಅವಿವಾಹಿತೆಯಾದ ಮಗಳಿಗೂ ಸೋದರಿಗೂ ಒಂದು ಭಾಗವನ್ನು ವಿಧಿಸಿತು. ಅವಿವಾಹಿತ ಮಗಳ ಭಾಗ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಭಾಗದ ನಾಲ್ಕನೆಯ ಒಂದು. ಮದುವೆಯಾದ ಮಗಳಿಗೆ ಏನೂ ಇಲ್ಲ. 1956ರ ಉತ್ತರಾಧಿಕಾರ ಕಾಯಿದೆ ಬಂದು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮಳನ್ನಾಗಿಸಿತಾದರೂ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿದ 1994ರ ಕರ್ನಾಟಕದ ತಿದ್ದುಪಡಿಯೂ ತಾನು ಜಾರಿಗೆ ಬರುವ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಷ್ಟೇ ಆ ಭೇದವನ್ನು ಕಿತ್ತೊಗೆದದ್ದು. ಎಪ್ಪತ್ತೆರಡು ವರ್ಷಗಳ ಈ ಶಾಸನಸರಣಿಯನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಹೆಣ್ಣನ್ನು ಆಸ್ತಿಯಿಂದ ದೂರವಿಟ್ಟದ್ದು ಅವಳು ಹೆಣ್ಣೆಂಬ ಕಾರಣವೊಂದೇ ಅಲ್ಲ, ವಿವಾಹದಿಂದ ಅವಳು ಬೇರೊಂದು ಮನೆಗೆ ಸೇರಿದವಳೆಂಬ ಭಾವನೆಯೂ ಹೌದು ಎಂಬುದು ಸ್ಪಷ್ಟವಾಗುತ್ತದೆ. ಹಕ್ಕು ಬಂದ ಮೇಲೆಯೂ ಅಣ್ಣನ ಮನಸ್ಸು ನೋಯಬಾರದೆಂದು, ತವರಿನ ಬಾಗಿಲು ಮುಚ್ಚಬಾರದೆಂದು ಬಿಡುಗಡೆಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಇಂದೂ ಈ ಬಡಾವಣೆಗಳಲ್ಲಿದ್ದಾರೆ. ಶಾಸನದ ಪಾಠದಷ್ಟೇ ಈ ರುಜುವಿನ ಪಾಠವೂ ಅವಶ್ಯ.

ಕಾಲೇಜುಗಳ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಬೆಂಗಳೂರಿನ ಮಹಾರಾಣಿ ಕಾಲೇಜು 1938ರದು, ಬಸವನಗುಡಿಯ ಬಿ.ಎಂ.ಎಸ್. ಮಹಿಳಾ ಕಾಲೇಜು 1964ರಲ್ಲಿ, ಮಲ್ಲೇಶ್ವರದ ಮಹಾರಾಣಿ ಲಕ್ಷ್ಮಿ ಅಮ್ಮಣ್ಣಿ ಕಾಲೇಜು 1972ರಲ್ಲಿ, ಬಸವನಗುಡಿಗೆ ನೆರೆಯಾದ ಜಯನಗರದ ಎನ್.ಎಂ.ಕೆ.ಆರ್.ವಿ. ಕಾಲೇಜು 1973ರಲ್ಲಿ ಆರಂಭವಾದುವು. ಹೆಣ್ಣುಮಕ್ಕಳಿಗಾಗಿ ಕಾಲೇಜು ಇರುವುದು ಬೇರೆ, ಹೆಣ್ಣಿನ ಬದುಕು ಅಲ್ಲಿ ಅಧ್ಯಯನದ ವಿಷಯವಾಗುವುದು ಬೇರೆ. ಈ ಎರಡನೆಯದನ್ನು ಸಾಧಿಸಿದವರಲ್ಲಿ ಎನ್.ಎಂ.ಕೆ.ಆರ್.ವಿ. ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ಚಿ. ನ. ಮಂಗಳಾ ಅವರ ಹೆಸರು ಮೊದಲು ಬರತಕ್ಕದ್ದು. ಮರೆವಿಗೆ ಸಂದಿದ್ದ ತಿರುಮಲಾಂಬಾ ಅವರ ಬದುಕನ್ನೂ ಬರಹವನ್ನೂ ಅವರು ಶೋಧಿಸಿ ಓದುಗರ ಮುಂದಿಟ್ಟರು, ‘ಶಾಶ್ವತಿ’ಯೆಂಬ ಮಹಿಳಾ ವಸ್ತುಸಂಗ್ರಹಾಲಯವನ್ನು ಕಾಲೇಜಿನಲ್ಲಿಯೇ ಕಟ್ಟಿದರು, ತಿರುಮಲಾಂಬಾ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದು ಆ ಸಂಸ್ಥೆಯಿಂದ ಸಲ್ಲುತ್ತ ಬಂದಿದೆ. ಹೆಂಗಸರ ಕೈ ಬಳಸಿದ ದಿನನಿತ್ಯದ ವಸ್ತುಗಳು ರಾಜರ ಖಡ್ಗಗಳಷ್ಟೇ ಗೌರವದ ಐತಿಹಾಸಿಕ ಸಾಕ್ಷ್ಯವೆಂಬ ವಿಚಾರವನ್ನು ವಾದದಿಂದಲ್ಲದೆ ಕಪಾಟುಗಳಲ್ಲಿ ಜೋಡಿಸಿ ತೋರಿಸಿದ್ದು ದೊಡ್ಡ ಕೆಲಸ.

1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪಿತವಾಯಿತು. ಚಾಮರಾಜಪೇಟೆಯಲ್ಲಿ ನೆಲೆಸಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಿಂದ ನಡೆಯುತ್ತಿದ್ದರೂ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆಯವರು, ಏರಿದ್ದು 1974ರ ಮಂಡ್ಯ ಸಮ್ಮೇಳನದಲ್ಲಿ ಎಂಬುದನ್ನು ನೆನೆದರೆ ಅಂಥ ಸಂಘದ ಅಗತ್ಯ ವಿವರಣೆಯನ್ನಪೇಕ್ಷಿಸದು. ಮೈಸೂರಿನಲ್ಲಿ ವಿಜಯಾ ದಬ್ಬೆಯವರೂ, ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದಲ್ಲಿ ಎಚ್. ಎಸ್. ಶ್ರೀಮತಿಯವರೂ ಮಾಡಿದ ವಿಚಾರಕಾರ್ಯವನ್ನು ಇದರೊಡನೆ ಸೇರಿಸಿ ನೋಡಿದಾಗ ಒಂದು ವಿಶೇಷ ಗೋಚರಿಸುತ್ತದೆ: ಕರ್ನಾಟಕದಲ್ಲಿ ಮಹಿಳಾ ಅಧ್ಯಯನವು ಸಮಾಜಶಾಸ್ತ್ರದ ಬಾಗಿಲಿನಿಂದ ಬಂದುದಕ್ಕಿಂತ ಹೆಚ್ಚಾಗಿ ಕನ್ನಡ ಸಾಹಿತ್ಯದ ಬಾಗಿಲಿನಿಂದ ಬಂದಿತು. ವಚನಕಾರ್ತಿಯರು, ತ್ರಿವೇಣಿ, ಅನುಪಮಾ ನಿರಂಜನ, 1976ರಲ್ಲಿ ‘ಫಣಿಯಮ್ಮ’ನನ್ನು ಬರೆದ ಎಂ. ಕೆ. ಇಂದಿರಾ, ಇವರನ್ನು ಕನ್ನಡದ ತರಗತಿಯಲ್ಲಿ ಓದಿದ ಹುಡುಗಿಯರೇ ಆ ವಿಷಯದ ಮೊದಲ ವಿದ್ಯಾರ್ಥಿನಿಯರು. ಇದರಿಂದ ವಿಷಯಕ್ಕೆ ಆರ್ದ್ರತೆ ಬಂದಿತು. ಕೂಲಿ, ಶ್ರಮ, ಜಾತಿಗಳ ಲೆಕ್ಕ ಬಹುಕಾಲ ಹಿಂದೆ ಬಿದ್ದಿತೆಂಬುದೂ ಅಷ್ಟೇ ಸತ್ಯ.

ಬಸವನಗುಡಿಯ ಸ್ತ್ರೀಸಮಾಜದ ಮಧ್ಯಾಹ್ನದ ಸಭೆ ನಡೆಯುತ್ತಿದ್ದಾಗ ಆ ಮನೆಗಳ ಪಾತ್ರೆಗಳನ್ನು ತೊಳೆಯುತ್ತಿದ್ದವಳು ಆ ಸಭೆಯ ಸದಸ್ಯೆಯಾಗಿರಲಿಲ್ಲ. ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ ಕನಿಷ್ಠ ವೇತನವನ್ನು ಗೊತ್ತುಮಾಡಿದ್ದು 2004ರಲ್ಲಿ. ಭವಿಷ್ಯನಿಧಿಯ ಹಣವನ್ನು ಹಿಂದೆಗೆಯುವುದಕ್ಕೆ ಹೇರಿದ್ದ ನಿರ್ಬಂಧದ ವಿರುದ್ಧ 2016ರ ಏಪ್ರಿಲಿನಲ್ಲಿ ನಗರದ ರಸ್ತೆಗಳನ್ನು ತುಂಬಿ ಕೇಂದ್ರ ಸರ್ಕಾರವನ್ನು ಹಿಂಜರಿಯುವಂತೆ ಮಾಡಿದ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕ ಹೆಂಗಸರ ಚಳವಳಿಯು ಯಾವ ಪೂರ್ವಪರಿಚಿತ ಸಂಘದ ಆಜ್ಞೆಗೂ ಕಾದು ನಿಂತಿರಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದ ನೌಕರಿಗಳಲ್ಲಿ ಶೇಕಡಾ 1ರ ಮೀಸಲಾತಿ 2021ರಲ್ಲಿ ಬಂದಿತು. ಮಂಜಮ್ಮ ಜೋಗತಿಯವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಈಗ ಕನ್ನಡದಲ್ಲಿಯೇ ಓದಲು ಲಭ್ಯವಿದೆ. ಇವುಗಳಿಲ್ಲದ ಪ್ರಥಮ ಪಾಠ ಅಪೂರ್ಣ. ಇವುಗಳನ್ನು ಮಾತ್ರ ಹೇಳಿ ಕಲ್ಯಾಣಮ್ಮನವರನ್ನೂ ರುಕ್ಮಿಣಿಯಮ್ಮನವರನ್ನೂ ಬಿಟ್ಟುಬಿಡುವ ಪಾಠವೂ ಅಪೂರ್ಣವೇ.

ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ವರ್ಷದ ಮೊದಲ ವಾರಗಳಲ್ಲಿ 1933ರ ಶಾಸನವನ್ನೂ ಹಳೆಯ ಸ್ತ್ರೀಪತ್ರಿಕೆಯ ಒಂದೆರಡು ಸಂಚಿಕೆಗಳನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅನಂತರ ರಾಷ್ಟ್ರೀಯ ವರದಿಗಳಿಗೂ ಪರದೇಶದ ಸಿದ್ಧಾಂತಗಳಿಗೂ ಹೋಗಲಿ. ಈ ಬಡಾವಣೆಗಳ ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಬಹುಮಹಡಿಯ ಕಟ್ಟಡಗಳಾಗುತ್ತಿವೆ. ಅಟ್ಟದ ಮೇಲಿನ ಕಾಗದಗಳು ರದ್ದಿಯ ಅಂಗಡಿಗೆ ಸೇರುತ್ತಿವೆ. ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಓದಿ ಕಟ್ಟಿಟ್ಟ ‘ಸರಸ್ವತಿ’ಯ ಸಂಚಿಕೆಗಳು, ಸ್ತ್ರೀಸಮಾಜದ ವರದಿಗಳು, ಲೆಕ್ಕದ ಪುಸ್ತಕಗಳು, ಪತ್ರಗಳು ಮನೆಯಲ್ಲಿದ್ದರೆ ದಯವಿಟ್ಟು ಅವನ್ನು ರದ್ದಿಗೆ ಹಾಕದೆ ಸಮೀಪದ ಕಾಲೇಜಿನ ಗ್ರಂಥಾಲಯಕ್ಕೋ ಸಾಹಿತ್ಯ ಪರಿಷತ್ತಿಗೋ ಒಪ್ಪಿಸಿರಿ.